ಸೈಲೆನ್ಸರ್ ಬದಿಯ ಮೂರು ಗೆರೆ

ನಾವುಂದ
18 ನವೆಂಬರ್ 2024

ಪ್ರೇಮಾನಂದಣ್ಣನಿಗೆ ನಿಖಿತಾಳ ನಮಸ್ಕಾರ.

ಈ ಕಾಗದದ ಜೊತೆ ಬರುವ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಸಿಲಿಂಡರ್, ಒಂದು ಹಳೆ ಪಿಸ್ಟನ್ ಮತ್ತು ಅಮ್ಮ ಕಳಿಸಿದ ಒಣ ಸಿಗಡಿ ಇದೆ. ಸಿಗಡಿಯನ್ನು ಬೇರೆಯಾಗಿ ಕಟ್ಟಿದ್ದೇನೆ, ಆದರೂ ಪಿಸ್ಟನ್ನಿಗೆ ಸ್ವಲ್ಪ ವಾಸನೆ ಹತ್ತಿರಬಹುದು, ಬೈಯಬೇಡಿ. ಪೆಟ್ಟಿಗೆ ಎತ್ತಿಕೊಳ್ಳುವಾಗ ಬಸ್ಸಿನ ಕಂಡಕ್ಟರ್ ಪದ್ದು, "ಎಂತ ಮಾರಾಯ್ತಿ, ಕಲ್ಲ್ ತುಂಬ್ಸಿದ್ಯಾ?" ಎಂದು ಕೇಳಿದ. ಬ್ರಹ್ಮಾವರದಲ್ಲಿ ನಿಮ್ಮ ಲೇತ್ ಅಂಗಡಿಯ ಎದುರೇ ಇಳಿಸುತ್ತೇನೆ ಎಂದಿದ್ದಾನೆ.

ನಿಮಗೆ ಫೋನ್ ಮಾಡಿ ಉಪಯೋಗವಿಲ್ಲ ಎಂದು ಗೊತ್ತು. ಗಂಟಲಿನ ಆಪರೇಷನ್ ಆಗಿ ಮಾತು ಹೋದ ಮೇಲೆ ನೀವು ಗಿರಾಕಿಗಳ ಹತ್ತಿರ ಸ್ಲೇಟಿನಲ್ಲಿ ಬರೆದು ಬರೆದು ಜಗಳವಾಡುತ್ತೀರಿ ಎಂದು ಅಣ್ಣ ನಗುತ್ತಾ ಹೇಳುತ್ತಿದ್ದ.

ಹೌದು, ಇದು ಅಣ್ಣನದೇ, ಸುಧಾಕರಣ್ಣನದೇ ಬೈಕು. ಮಡ್‌ಗಾರ್ಡು, ಲೈಟು ಎಲ್ಲ ಕಿತ್ತು ಹಾಕಿ, ಗುಂಡಿ ಗುಂಡಿಯ ಟಯರ್ ಹಾಕಿ ಡರ್ಟ್ ಬೈಕ್ ಮಾಡಿಕೊಂಡಿದ್ದನಲ್ಲ, ಅದೇ. ಹೋದ ವರ್ಷ ಆಸಾಡಿಯ ಮಳೆಯಲ್ಲಿ ಅವನು ಕಡಲ ಬದಿಯ ಹೊಯ್ಗೆ ಮೇಲೆ ಓಡಿಸಲು ಹೋದವನು ತಿರುಗಿ ಬರಲಿಲ್ಲ. ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಬೈಕು ಮಾತ್ರ ಬಿದ್ದಿತ್ತು. ದೋಣಿಯವರು ಎಷ್ಟು ಹುಡುಕಿದರೂ ಅವನು ಸಿಗಲಿಲ್ಲ.

ಅಮ್ಮ ಇವತ್ತಿಗೂ ಒಪ್ಪಿಲ್ಲ. "ಗಾಡಿ ದಾರಿಲ್ ಬಿಟ್ಟಿಕ್ ಬಪ್ಪ ಮಗ ಅಲ್ಲ ನಂದ್" ಎನ್ನುತ್ತಾಳೆ. ಅದು ನಿಜವೇ. ಒಮ್ಮೆ ವಂಡ್ಸೆಯಲ್ಲಿ ಚೈನ್ ತುಂಡಾದಾಗ ಟೆಂಪೋಗೆ ಹಾಕು ಎಂದು ಎಲ್ಲರೂ ಹೇಳಿದರೂ ಕೇಳದೆ, ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಡಬದಿಯಲ್ಲಿ ನಿಂತು ತಳ್ಳಿಕೊಂಡೇ ಮನೆ ತನಕ ಬಂದಿದ್ದ. ಅಂಥವನು ಗಾಡಿ ಅಲ್ಲಿ ಬಿಟ್ಟು ಎಲ್ಲಿಗೆ ಹೋದ ಎಂಬುದು ಅಮ್ಮನ ಪ್ರಶ್ನೆ. ದೇಹ ಸಿಗದಿದ್ದರೆ ಹುಲ್ಲಿನ ಬೊಂಬೆ ಮಾಡಿ ಸುಟ್ಟು ಬೊಜ್ಜ ಮಾಡುವ ಕ್ರಮ ಉಂಟು ಎಂದು ನೆಂಟರೆಲ್ಲ ಹೇಳಿ ಸೋತರು. "ಹುಲ್ಲ್ ಸುಡುಕೆ ನಾನ್ ಹೆತ್ತದ್ದಲ್ಲ. ಅವ್ನ್ ಗಾಡಿ ಮನಿಗ್ ಬರ್ಲಿ, ಕಡಿಕ್ ಕಾಂಬ" ಎಂದು ಅಮ್ಮ ಎದ್ದು ಹೋದಳು. ಹೀಗಾಗಿ ಅಣ್ಣನಿಗೆ ಇವತ್ತಿನವರೆಗೆ ಒಂದು ಪಿಂಡವಿಲ್ಲ, ಒಂದು ಎಡೆಯಿಲ್ಲ. ನನಗೆ ಅದೊಂದೇ ಸಂಕಟ.

ಆ ಇಂಜಿನ್ ಒಮ್ಮೆ ನಮ್ಮ ಅಂಗಳದಲ್ಲಿ ಸ್ಟಾರ್ಟ್ ಆಗಿ ಅಮ್ಮನ ಕಿವಿಗೆ ಬಿದ್ದರೆ, ಗಾಡಿ ಮನೆಗೆ ಬಂತು ಎಂದು ಅವಳ ಮನಸ್ಸು ತಿರುಗೀತು ಎಂಬ ಆಸೆ. ಹಳೆ ಪಿಸ್ಟನ್ನಿನ ತಲೆ ಮೇಲೆ 25 ಎಂದು ಇದೆ. ಕುಂದಾಪುರದ ಅಂಗಡಿಯಲ್ಲಿ ಆ ನಂಬರಿನದು ಇದೆಯಂತೆ. ತಂದಿಡಲೇ?

ಉತ್ತರಕ್ಕೆ ಕಾಯುವ,
ನಿಖಿತಾ


ಬ್ರಹ್ಮಾವರ
27 ನವೆಂಬರ್ 2024

ತಂಗಿ ನಿಖಿತಾ,

ಸಿಗಡಿ ತಲುಪಿತು, ಚಟ್ನಿಯಾಯಿತು, ಮುಗಿಯಿತು. ನಿನ್ನ ಅತ್ತಿಗೆ ಪ್ರಭಾವತಿ ನಿನ್ನ ಅಮ್ಮನನ್ನು ಹೊಗಳಿದ್ದೇ ಹೊಗಳಿದ್ದು. ನನಗೆ ಬಡಿಸುವಾಗ ಮಾತ್ರ ಕೈ ಬಿಗಿ.

ಇನ್ನು ಸಿಲಿಂಡರಿನ ವಿಷಯ. ಪಿಸ್ಟನ್ ತರಬೇಡ. ಅದರ ತಲೆಯ ಮೇಲೆ ಹೊಡೆದಿರುವುದು ಹುಟ್ಟಿದಾಗಿನ ಅಳತೆ. ನಿನ್ನ ಜಾತಕ ನೋಡಿ ಯಾರಾದರೂ ರವಿಕೆ ಹೊಲಿಯುತ್ತಾರೆಯೇ? ಸಿಲಿಂಡರಿನ ಒಳಗೆ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆಯಬೇಕು. ಎಲ್ಲಿ ಹೆಚ್ಚು ಸವೆದಿದೆಯೋ ಅದೇ ಸೈಜನ್ನು ಹೇಳುತ್ತದೆ. ನೀನು 25 ಹಾಕಿದ್ದರೆ ಅದು ಒಳಗೆ ಮಡಿಕೆಯಲ್ಲಿ ಅಡಿಕೆ ಅಲ್ಲಾಡಿದ ಹಾಗೆ ಅಲ್ಲಾಡುತ್ತಿತ್ತು.

ಕಂಪನಿಯಿಂದ ಬಂದ ಅಳತೆಗಿಂತ ಕಾಲು ಮಿಲಿಮೀಟರ್ ದೊಡ್ಡದು ಈಗಾಗಲೇ ಆಗಿದೆ, ಆ 25 ಎಂದರೆ ಅದೇ. ಅದು ನಾನೇ ಸುಧಾಕರನಿಗೆ ಕೊರೆದು ಕೊಟ್ಟದ್ದು. ಇನ್ನು ಉಳಿದಿರುವುದು ಅರ್ಧ, ಮುಕ್ಕಾಲು, ಒಂದು. ಒಂದು ಆದ ಮೇಲೆ ಗೋಡೆ ಹಪ್ಪಳದಷ್ಟು ತೆಳು, ಮತ್ತೆ ಅದು ಗುಜರಿಗೆ. ಉಪ್ಪು ನೀರಿನಲ್ಲಿ ಬಿದ್ದು ಒಳಗೆಲ್ಲ ಗುಳಿ ಎದ್ದಿತ್ತು. ಹಾಗಾಗಿ ಅರ್ಧಕ್ಕೆ ಹೋಗಿದ್ದೇನೆ. ಉಡುಪಿಯಿಂದ ಪಿಸ್ಟನ್ ಮೊದಲು ತರಿಸಿ, ಅದನ್ನು ಅಳೆದು, ಆಮೇಲೆ ಅದಕ್ಕೆ ಸರಿಯಾಗಿ ಕೊರೆದೆ. ಪಿಸ್ಟನ್ನಿಗೂ ಗೋಡೆಗೂ ನಡುವೆ ತಲೆಕೂದಲಿಗಿಂತ ತುಸು ಕಡಿಮೆ ಜಾಗ ಬೇಕು. ಬಿಸಿಯಾದಾಗ ಪಿಸ್ಟನ್ ಉಬ್ಬುತ್ತದೆ. ಜಾಗ ಸಾಲದಿದ್ದರೆ ಗೋಡೆಯನ್ನು ಕಚ್ಚಿ ಹಿಡಿದು ಇಂಜಿನ್ ನಿಂತುಬಿಡುತ್ತದೆ.

ಒಂದು ಮಾತು ಹೇಳದೆ ಇರಲಾರೆ. ಇಷ್ಟು ವರ್ಷ ಸಿಲಿಂಡರ್ ಒಳಗೆ ಇಣುಕಿ ಇಣುಕಿ ನನಗೊಂದು ಚಟ ಹತ್ತಿದೆ. ಸವೆತ ನೋಡಿ ಓಡಿಸಿದವರು ಯಾರು ಎಂದು ಹೇಳುತ್ತೇನೆ. ನಿನ್ನ ಅಣ್ಣನದು ಕಣ್ಣು ಮುಚ್ಚಿ ಹೇಳಬಹುದು. ಹೆಚ್ಚು ಶಬ್ದ ಬರಲಿ ಎಂದು ಏರ್ ಫಿಲ್ಟರ್ ಕಿತ್ತಿಡುತ್ತಿದ್ದ, ಕಾರ್ಬೊರೇಟರ್ ಬದಿಯೆಲ್ಲ ಹೊಯ್ಗೆ ಉಜ್ಜಿ ಮಂಕು. ದಿಬ್ಬದಿಂದ ಇಳಿಯುವಾಗ ಆಕ್ಸಿಲರೇಟರ್ ಒಂದೇ ಏಟಿಗೆ ಪೂರ್ತಿ ಬಿಡುತ್ತಿದ್ದ, ಪೆಟ್ರೋಲಿನ ಜೊತೆ ಬರುವ ಎಣ್ಣೆ ಸಿಗದೆ ಸೈಲೆನ್ಸರ್ ಬದಿಗೆ ಉಜ್ಜಿದ ಮೂರು ಗೆರೆ. ಬಿಚ್ಚಿ ನೋಡಿದಾಗಲೆಲ್ಲ ಮೂರೇ. ನಾನು ಸ್ಲೇಟಿನಲ್ಲಿ ಬೈದರೆ ಅದನ್ನು ಒರೆಸಿ "ಅಡ್ಡಿಲ್ಲೆ ಪ್ರೇಮಣ್ಣ" ಎಂದು ಬರೆದು ಹೋಗುತ್ತಿದ್ದ. ಈ ಸಲವೂ ಆ ಗೆರೆಗಳು ಇದ್ದವು. ಟೂಲ್ ಇಳಿಸಿದೆ, ಹೋದವು.

ಫಿಲ್ಟರ್ ಹಾಕು. ಹೊಸತರಲ್ಲಿ ಮೆಲ್ಲ ಓಡಿಸು.

ನಿನ್ನ,
ಪ್ರೇಮಾನಂದ


ನಾವುಂದ
22 ಡಿಸೆಂಬರ್ 2024

ಪ್ರೇಮಾನಂದಣ್ಣ,

ಸ್ಟಾರ್ಟ್ ಆಯಿತು! ಕಿಕ್ ಹೊಡೆದು ಹೊಡೆದು ನನ್ನ ಮೀನಖಂಡ ಹಿಡಿದುಕೊಂಡ ಮೇಲೆ, ನೀಲಿ ಹೊಗೆ ಎಬ್ಬಿಸಿಕೊಂಡು. ಪಕ್ಕದ ಮನೆಯ ಮೀನುಗಾರ ಗುಡ್ಡನ ಕೋಳಿಗಳು ಹೆಂಚಿನ ಮಾಡು ಹತ್ತಿದವು. ಅಮ್ಮ ಹಿತ್ತಲಲ್ಲಿ ಬಂಗುಡೆ ಸರಿಮಾಡುತ್ತಿದ್ದವಳು ಮೀನಿನ ಕೈಯಲ್ಲೇ ಎದ್ದು ಬಂದಳು. ತಲೆ ಓರೆ ಮಾಡಿ ಕೇಳುತ್ತಾ ನಿಂತಳು. ಈಗ ಅಳುತ್ತಾಳೆ, ಈಗ ಒಪ್ಪುತ್ತಾಳೆ ಎಂದು ನಾನು ಆಕ್ಸಿಲರೇಟರ್ ಹಿಡಿದೇ ಕಾದೆ.

"ಇದ್ ಹೋಪ ಶಬ್ದ" ಎಂದಳು. "ಬಪ್ಪ ಶಬ್ದ ಅಲ್ಲ."

ಹೋಗುವುದಕ್ಕೂ ಬರುವುದಕ್ಕೂ ಶಬ್ದ ಬೇರೆಯಂತೆ. ಅಷ್ಟು ಹೇಳಿ ಮೀನಿನ ಹತ್ತಿರ ಹೋಗಿ ಕೂತಳು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆದರೂ ನೀವು ಹೇಳಿದ ಹಾಗೆ ದಿನಾ ಬೆಳಗ್ಗೆ ಐಸ್ ಪ್ಲಾಂಟಿಗೆ ಕೆಲಸಕ್ಕೆ ಹೋಗುವ ಮೊದಲು ಅಂಗಳದಲ್ಲೇ ನಿಲ್ಲಿಸಿ ಸ್ವಲ್ಪ ಹೊತ್ತು ಓಡಿಸಿದೆ. ಬೇಲಿಯ ದಣಪೆ ದಾಟಿಸಿ ಹೊರಗೆ ಒಯ್ದಿಲ್ಲ. ಅಣ್ಣ ಹೋದ ಮೇಲೆ ನಾನು ಕಡಲ ಬದಿಗೆ ಕಾಲು ಹಾಕಿದವಳೇ ಅಲ್ಲ.

ಹೀಗಿದ್ದೂ ಹದಿನೈದು ದಿನದೊಳಗೆ ಶಕ್ತಿ ಬಿತ್ತು. ಒಳಗೆ ಟಕಟಕ ಶುರುವಾಯಿತು. ಬಿಚ್ಚಿ ನೋಡಿದರೆ ಫಿಲ್ಟರ್ ಒದ್ದೆ, ಹಿಂಡಿದರೆ ನೀರು. ಸಿಲಿಂಡರಿನ ಬುಡದಲ್ಲಿ ಬಿಳಿ ಹೊಯ್ಗೆ. ನಮ್ಮ ಅಂಗಳದ್ದು ಕೆಂಪು ಮಣ್ಣು, ಪ್ರೇಮಾನಂದಣ್ಣ. ನಾನು ಜೋಡಿಸಿದ್ದು ತಪ್ಪಾಯಿತೇ ಅಥವಾ ಪಿಸ್ಟನ್ನೇ ಕೆಟ್ಟದ್ದೇ? ಸಿಲಿಂಡರ್, ಪಿಸ್ಟನ್ ಎರಡನ್ನೂ ಕಳಿಸಿದ್ದೇನೆ, ನೋಡಿ ಹೇಳಿ.

ಅಮ್ಮ ಈಚೆಗೆ ಗೆಲುವಾಗಿದ್ದಾಳೆ. ಸಂಜೆಗೆ ಅಕ್ಕಿ ಹೆಚ್ಚು ಹಾಕುತ್ತಾಳೆ. ಯಾರಿಗೆ ಎಂದರೆ "ಇರ್ಲಿ" ಎನ್ನುತ್ತಾಳೆ.

ನಿಖಿತಾ


ಬ್ರಹ್ಮಾವರ
3 ಜನವರಿ 2025

ನಿಖಿತಾ,

ನೀನು ಜೋಡಿಸಿದ್ದು ಸರಿಯಾಗಿದೆ. ಪಿಸ್ಟನ್ನೂ ಸರಿಯಿತ್ತು. ಅಂಗಳದಲ್ಲಿ ನಿಲ್ಲಿಸಿ ಓಡಿಸಿದ ಇಂಜಿನ್ ಹೀಗೆ ಸವೆಯುವುದಿಲ್ಲ. ಇದು ದಿನವೂ ಹೊಯ್ಗೆ ಮೇಲೆ ದುಡಿದ ಸಿಲಿಂಡರ್. ಒಳಗೆ ಸಿಕ್ಕಿದ ಹೊಯ್ಗೆಯನ್ನು ನಾಲಿಗೆಗೆ ಹಾಕಿ ನೋಡಿದೆ. ಸ್ಲೇಟಿನಲ್ಲಿ "ಉಪ್ಪು" ಎಂದು ಬರೆದು ಪ್ರಭಾವತಿಗೆ ತೋರಿಸಿದರೆ "ಗಂಜಿಗಾ?" ಎಂದು ಕೇಳಿದಳು. ನಗು ಬರಲಿಲ್ಲ.

ಯಾರೋ ಹುಡುಗರು ನಿನಗೆ ತಿಳಿಯದೆ ಗಾಡಿ ಒಯ್ಯುತ್ತಿದ್ದಾರೆ ಎಂದೇ ಮೊದಲು ಅಂದುಕೊಂಡೆ. ಆಮೇಲೆ ಬೆಳಕಿಗೆ ಹಿಡಿದು ಒಳಗೆ ನೋಡಿದೆ. ಕಾರ್ಬೊರೇಟರ್ ಬದಿ ಮಂಕಾಗಿದೆ. ಸೈಲೆನ್ಸರ್ ಬದಿಯಲ್ಲಿ ಒಂದು ಗೆರೆಯೂ ಇಲ್ಲ. ಆಕ್ಸಿಲರೇಟರನ್ನು ಒಮ್ಮೆಯೂ ಜೋರಾಗಿ ತಿರುಗಿಸಿಲ್ಲ, ಒಮ್ಮೆಯೂ ಥಟ್ಟನೆ ಬಿಟ್ಟಿಲ್ಲ. ತುಂಬಿದ ಕೊಡ ಹೊತ್ತು ನಡೆಯುವವರ ಹಾಗೆ ಮೊದಲಿಂದ ಕೊನೆಯ ತನಕ ಒಂದೇ ಹದ. ಈ ಕೈ ನನಗೆ ಗೊತ್ತು. ಸುಧಾಕರ ಹಿಂದೆ ಕೂತು, ಒಮ್ಮೆ ಗಾಡಿಯನ್ನು ನಿನ್ನ ಕೈಗೆ ಕೊಟ್ಟು ಕುಂದಾಪುರದಿಂದ ನಮ್ಮ ಅಂಗಡಿ ತನಕ ಬಂದಿದ್ದನಲ್ಲ? ಎತ್ತಿನ ಗಾಡಿಯೂ ನಿನ್ನನ್ನು ಹಿಂದೆ ಹಾಕುತ್ತದೆ ಎಂದು ನಾನು ಬರೆದು ತೋರಿಸಿದ್ದೆ.

ಓಡಿಸುತ್ತಿದ್ದರೆ ಓಡಿಸುತ್ತೇನೆ ಎನ್ನು, ತಂಗಿ. ಅದರಲ್ಲಿ ತಪ್ಪೇನಿದೆ? ಓಡಿಸದಿದ್ದರೆ ಹೊಲಿಗೆಯ ನೂಲೊಂದನ್ನು ಮುಂದಿನ ಚಕ್ರದ ಕಡ್ಡಿಯಿಂದ ಚಾವಡಿಯ ಕಂಬಕ್ಕೆ ಕಟ್ಟಿಡು. ಗಾಡಿ ಅಲುಗಿದರೆ ಗೊತ್ತಾಗುತ್ತದೆ.

ಮುಕ್ಕಾಲಿಗೆ ಕೊರೆದು ಕಳಿಸಿದ್ದೇನೆ. ಇನ್ನು ಉಳಿದಿರುವುದು ಒಂದೇ ಸಲ. ಹುಷಾರು.

ಪ್ರೇಮಾನಂದ


ನಾವುಂದ
9 ಫೆಬ್ರವರಿ 2025

ಪ್ರೇಮಾನಂದಣ್ಣ,

ನಿಮ್ಮ ಕಾಗದ ಓದಿ ನನಗೆ ಸಿಟ್ಟು ಬಂದಿತ್ತು. ನನ್ನನ್ನು ಸುಳ್ಳಿ ಎಂದಿರಲ್ಲ ಎಂದು ಎರಡು ದಿನ ಪೆಟ್ಟಿಗೆಯನ್ನೇ ಬಿಚ್ಚಲಿಲ್ಲ. ಆಮೇಲೆ ಇಂಜಿನ್ ಜೋಡಿಸಿ, ಹಟಕ್ಕೆ ನೂಲನ್ನೂ ಕಟ್ಟಿದೆ.

ಮರುದಿನ ಬೆಳಗ್ಗೆ ನೂಲು ಚಕ್ರದ ನಡುವಿಗೆ ಸುತ್ತಿಕೊಂಡಿತ್ತು. ಮತ್ತೆ ಕಟ್ಟಿದೆ, ಮತ್ತೆ ಹಾಗೆಯೇ. ಗುಡ್ಡನನ್ನು ಕೇಳಿದರೆ ಮುಖ ಕೊಡದೆ ಬಲೆ ಬಿಡಿಸುತ್ತಾ ಕೂತ. ಕೊನೆಗೆ ಅಮ್ಮನನ್ನು ಕೇಳಿದೆ.

"ನೀನೇ ಅಲ್ದಾ ಹೆಣೆ, ದಿನಾ ಮುಸ್ಸಂಜಿಗ್ ಗಾಡಿ ಹೊರಡ್ಸುದ್?" ಎಂದಳು, ನಾನು ತಮಾಷೆ ಮಾಡುತ್ತಿದ್ದೇನೆ ಎಂಬಂತೆ.

"ನಾನಾ? ಎಲ್ಲಿಗ್?"

"'ಅಣ್ಣನ್ ಕರ್ಕಂಡ್ ಬತ್ತೆ' ಅಂತ್ ಹೇಳಿಕ್ ಹೋತ್ಯಲೆ. ಹ್ಯಾಂಗ್ ಬ್ಯಾಡ ಅಂಬುದ್ ನಾನ್?"

ಸಂಜೆಗೆ ಮಾಡುವ ಹೆಚ್ಚಿನ ಅನ್ನ ಅದಕ್ಕೆ. ನನ್ನ ಪಕ್ಕದಲ್ಲಿ ಇನ್ನೊಂದು ಬಟ್ಟಲು ಇಡುತ್ತಾಳಂತೆ. ನಾನು ಒಬ್ಬಳೇ ಬಂದರೆ ಎತ್ತಿಡುತ್ತಾಳಂತೆ.

ನನಗೆ ನೆನಪಿರುವುದು ಇಷ್ಟು. ದೇವರ ಮುಂದೆ ದೀಪ ಹಚ್ಚಲು ಬೆಂಕಿಪೊಟ್ಟಣ ತೆಗೆಯುತ್ತೇನೆ. ಆಮೇಲೆ ಅಮ್ಮ ಬೈರಾಸಿನಲ್ಲಿ ನನ್ನ ತಲೆ ಒರೆಸುತ್ತಿರುತ್ತಾಳೆ. ನಡುವಿನದು ಇಲ್ಲ. ಮಿಂದು ಬಂದಿರಬೇಕು ಎಂದು ಇಷ್ಟು ದಿನ ಅಂದುಕೊಂಡಿದ್ದೆ. ನಿನ್ನೆ ಕೂದಲ ತುದಿಯನ್ನು ಬಾಯಿಗೆ ಹಾಕಿ ನೋಡಿದೆ. ನಿಮ್ಮ ಸ್ಲೇಟಿನಲ್ಲಿ ಬರೆದಿದ್ದಿರಲ್ಲ, ಅದೇ ರುಚಿ.

ಇಷ್ಟಾದ ಮೇಲೆ ಗುಡ್ಡ ಬಾಯಿಬಿಟ್ಟ. ನಾನು ಅಳಿವೆ ತನಕ ಹೋಗಿ ಗಾಡಿಯನ್ನು ನೀರಿಗೆ ಇಳಿಸುತ್ತೇನಂತೆ. "ಸುರುವಿಗ್ ನೀ ಟಯರ್ ನೀರಲ್ ಚಂಡಿ ಆಪು ತನಕ ಇಳಿತಿದ್ದೆ. ಈಗ ನಿನ್ ಮೊಣ್ಕಾಲ್ ಮುಳುಗತ್ತ್, ತೆರಿ ತಲಿ ಮೇಲ್ ಹೊಡಿತ್ತ್. ಇಂಜಿನ್ ಕುಂಯ್ ಅಂದ್ ಶಕ್ತಿ ಸಾಲ್ದೆ ತಿರ್ಗಿ ಬತ್ತೆ" ಎಂದ. ಹೇಳುವಾಗ ಅವನ ಕೈ ಬಲೆಯ ಮೇಲೆ ನಿಂತಿತ್ತು.

ನನಗೆ ಹೆದರಿಕೆಯಾಗುತ್ತಿದೆ, ಪ್ರೇಮಾನಂದಣ್ಣ. ಆದರೆ ಹೆದರಿಕೆ ಮಾತ್ರವಲ್ಲ. ಅಷ್ಟು ಹತ್ತಿರ ಹೋಗಿ ಪ್ರತಿ ಸಲ ಬರಿಗೈಯಲ್ಲಿ ಬರುತ್ತಿದ್ದೇನಲ್ಲ ಎಂದು ಬೇಸರವೂ ಆಗುತ್ತಿದೆ. ಪಿಸ್ಟನ್ ಸವೆದು ಮತ್ತೆ ಟಕಟಕ ಎನ್ನುತ್ತಿದೆ. ಸಿಲಿಂಡರ್ ಕಳಿಸಿದ್ದೇನೆ. ಒಂದರ ಪಿಸ್ಟನ್ ಹಾಕಿ ಕೊಡಿ.

ನಿಖಿತಾ


ಬ್ರಹ್ಮಾವರ
18 ಫೆಬ್ರವರಿ 2025

ನಿಖಿತಾ,

ಸಿಲಿಂಡರ್ ನನ್ನ ಕಪಾಟಿನಲ್ಲಿದೆ. ಅಲ್ಲೇ ಇರುತ್ತದೆ. ನಾನು ಕೊರೆಯುವುದಿಲ್ಲ.

ಅಮ್ಮನನ್ನು ಕರೆದುಕೊಂಡು ಇಲ್ಲಿಗೆ ಬಂದು ಕೆಲವು ದಿನ ಇರು. ಪ್ರಭಾವತಿ ಮಹಡಿಯ ಕೋಣೆ ಗುಡಿಸಿ ಇಟ್ಟಿದ್ದಾಳೆ. ಮುಸ್ಸಂಜೆ ಹೊತ್ತಿಗೆ ನನ್ನ ಎದುರು ಕೂತು ಚೆನ್ನೆಮಣೆ ಆಡು, ನಾನು ಸೋಲುತ್ತೇನೆ. ಮಾತಾಡಲು ಬರುತ್ತಿದ್ದರೆ ಇವತ್ತೇ ನಾವುಂದಕ್ಕೆ ಬಂದು ನಿನಗೆ ಗಟ್ಟಿಯಾಗಿ ಬೈಯುತ್ತಿದ್ದೆ. ಹೆದರಿಕೆಯಾಗಿದೆ ನನಗೆ, ಹೇಳಿಬಿಡುತ್ತೇನೆ.

ಪ್ರೇಮಾನಂದ


ನಾವುಂದ
16 ಮಾರ್ಚ್ 2025

ಪ್ರೇಮಾನಂದಣ್ಣನಿಗೆ,

ನಾವು ಬರುವುದಿಲ್ಲ. ಸಂಜೆ ಮನೆಯಲ್ಲಿ ಜನ ಬೇಕು.

ಸಿಲಿಂಡರ್ ಇಲ್ಲದೆ ಗಾಡಿ ಚಾವಡಿಯಲ್ಲಿ ನಿಂತಿದೆ. ಅದರ ಟಯರು ಬೆಳಗ್ಗೆ ಒದ್ದೆಯಾಗಿರುತ್ತದೆ. ಗುಡ್ಡ ಈಗ ಎದುರಾದರೆ ದಾರಿ ಬಿಡುತ್ತಾನೆ.

ನೀವು ಕೊರೆಯದಿದ್ದರೆ ಸಿಲಿಂಡರ್ ವಾಪಸು ಕಳಿಸಿ. ಕುಂದಾಪುರದಲ್ಲಿಯೂ ಲೇತ್ ಉಂಟು. ಅವರು ಅಳತೆ ತೆಗೆದು ಕೊರೆದು ಕೊಡುತ್ತಾರೆ, ಒಳಗೆ ಇಣುಕಿ ಪ್ರಶ್ನೆ ಕೇಳುವುದಿಲ್ಲ. ಸರಿಯಾದ ಸೈಜಿನ ಪಿಸ್ಟನ್ ಬಿದ್ದರೆ ಈ ಸಲ ಆಚೆ ತನಕ ಮುಟ್ಟುತ್ತೇನೆ. ಅವನು ಅಷ್ಟು ದೂರವೇನೂ ಇಲ್ಲ.

ನಿಖಿತಾ


ಬ್ರಹ್ಮಾವರ
20 ಏಪ್ರಿಲ್ 2025

ಅಪ್ಪಿ ಅಕ್ಕನಿಗೆ ಪ್ರೇಮಾನಂದನ ನಮಸ್ಕಾರಗಳು.

ಈ ಕಾಗದವನ್ನು ಪದ್ದುವಿನ ಕೈಯಲ್ಲಿ ಬೇರೆಯಾಗಿ ಕೊಟ್ಟಿದ್ದೇನೆ. ನೀವು ಮೀನು ಮಾರುವ ಜಾಗದಲ್ಲೇ ಕೊಟ್ಟು ಓದಿಯೂ ಹೇಳುತ್ತಾನೆ. ನಿಖಿತಾಳಿಗೆ ತೋರಿಸಬೇಡಿ.

ನಿಮ್ಮ ಮಗಳು ಮಗನನ್ನು ಕರೆತರುತ್ತಾಳೆ ಎಂದು ನೀವು ಅವಳನ್ನು ತಡೆಯಲಿಲ್ಲ. ತಾಯಿಯ ಆಸೆಯನ್ನು ನಾನು ಅಳೆಯಲಾರೆ, ಅದಕ್ಕೆ ನನ್ನ ಹತ್ತಿರ ಗೇಜ್ ಇಲ್ಲ. ಆದರೆ ಅಕ್ಕ, ಅವಳು ಕರೆತರಲು ಹೋಗುತ್ತಿಲ್ಲ, ಸೇರಲು ಹೋಗುತ್ತಿದ್ದಾಳೆ. ಇಷ್ಟು ದಿನ ಅವಳನ್ನು ತಿರುಗಿಸಿ ಕಳಿಸಿದ್ದು ಸವೆದ ಪಿಸ್ಟನ್, ಬೇರೇನೂ ಅಲ್ಲ. ಹೊಸ ಪಿಸ್ಟನ್ ಸರಿಯಾಗಿ ಕೂತರೆ ಅವಳು ತಿರುಗುವುದಿಲ್ಲ.

ಸಿಲಿಂಡರನ್ನು ಅಡಗಿಸಿ ಇಡೋಣವೆಂದರೆ ಪ್ರಭಾವತಿ ಒಪ್ಪಲಿಲ್ಲ. "ಗಾಡಿ ಇಲ್ದಿರೆ ನಡ್ಕಂಡೇ ಹೋತ್ಳ್ ಹೆಣ್ಣ್. ನಡ್ಕಂಡ್ ಹೋದವ್ರನ್ನ್ ನಿಲ್ಸುಕೆ ನಿಮ್ ಲೇತಿಗ್ ಆತ್ತಾ?" ಎಂದು ಕೇಳಿದಳು. ಹಾಗಾಗಿ ಒಂದು ಕೆಲಸ ಮಾಡಿದ್ದೇನೆ. ಈ ಕಸುಬಿಗೆ ಬಂದ ಮೇಲೆ ಇಂಥದ್ದು ಮಾಡಿದ್ದು ಇದೇ ಮೊದಲು. ಒಂದು ಮಿಲಿ ದೊಡ್ಡ ಪಿಸ್ಟನ್ ತರಿಸಿ, ಬೇಕೆಂದೇ ಸಿಲಿಂಡರನ್ನು ಅದಕ್ಕೆ ಬಿಗಿ ಮಾಡಿದ್ದೇನೆ. ಬಿಡಬೇಕಾದ ಜಾಗದಲ್ಲಿ ಅರ್ಧ ಮಾತ್ರ ಬಿಟ್ಟಿದ್ದೇನೆ. ತಣ್ಣಗಿರುವಾಗ ಚೆನ್ನಾಗಿಯೇ ಓಡುತ್ತದೆ. ಬಿಸಿಯಾಗುತ್ತಿದ್ದ ಹಾಗೆ ಪಿಸ್ಟನ್ ಉಬ್ಬಿ ಗೋಡೆಯನ್ನು ಕಚ್ಚಿ ನಿಲ್ಲುತ್ತದೆ. ನನ್ನ ಲೆಕ್ಕದಲ್ಲಿ ದೋಣಿ ಎಳೆದಿಡುವ ಚಪ್ಪರದ ಹತ್ತಿರ ನಿಲ್ಲಬೇಕು. ಅಲ್ಲಿಂದ ಅಳಿವೆ ಇನ್ನೂ ದೂರ.

ಅವಳು ಇಂಜಿನ್ ಜೋಡಿಸಿದ ದಿನ ಮುಸ್ಸಂಜೆಗೆ ನೀವೂ ಗುಡ್ಡನೂ ಆ ಚಪ್ಪರದ ಹತ್ತಿರ ಇರಿ. ಗಾಡಿ ನಿಂತ ಕೂಡಲೇ ಅವಳನ್ನು ಹೆಸರು ಹಿಡಿದು ಕರೆಯಿರಿ. ಕ್ಲಚ್ ಮೇಲೆ ಎರಡು ಬೆರಳು ಯಾವಾಗಲೂ ಇರಲಿ ಎಂದು ಸಿಲಿಂಡರ್ ಕಳಿಸಿದ ಪೆಟ್ಟಿಗೆಯಲ್ಲಿ ಅವಳಿಗೆ ಚೀಟಿ ಬರೆದಿಟ್ಟಿದ್ದೇನೆ, ಬಿದ್ದರೂ ಮೆಲ್ಲ ಬೀಳುತ್ತಾಳೆ. ಅವಳ ಕೈ ನಿಧಾನದ್ದು, ಅದೇ ನನಗೆ ಧೈರ್ಯ.

ಒಬ್ಬನನ್ನು ಕಡಲು ಇಟ್ಟುಕೊಂಡಿದೆ. ಇವಳನ್ನು ನೀವು ಹಿಡಿದುಕೊಳ್ಳಿ, ಅಕ್ಕ.

ಪ್ರೇಮಾನಂದ


ನಾವುಂದ
11 ಮೇ 2025

ಪ್ರೇಮಾನಂದಣ್ಣ,

ಎಲ್ಲ ಮುಗಿದ ಮೇಲೆ ಅಮ್ಮ ನಿಮ್ಮ ಕಾಗದವನ್ನು ನನಗೆ ಓದಲು ಕೊಟ್ಟಳು. ನಿಮ್ಮ ಮೇಲೆ ನನಗೆ ಕೋಪವಿಲ್ಲ. ನೀವು ಮಾಡಿದ್ದು ನನ್ನ ಜೀವಕ್ಕಾಗಿ ಎಂದು ತಿಳಿದು ಅತ್ತೆ. ಇಷ್ಟು ತಿಂಗಳಲ್ಲಿ ಅತ್ತದ್ದು ಅದೇ ಮೊದಲು. ಅವತ್ತು ನಡೆದದ್ದು ನನಗೆ ನೆನಪಿಲ್ಲ. ಅಮ್ಮನೂ ಗುಡ್ಡನೂ ಹೇಳಿದ್ದನ್ನು ಬರೆಯುತ್ತೇನೆ.

ಇಬ್ಬರೂ ಚಪ್ಪರದ ಹತ್ತಿರ ಕಾಯುತ್ತಿದ್ದರು. ಗುಡ್ಡನ ಕೈಯಲ್ಲಿ ಹಗ್ಗವಿತ್ತು. ನಾನು ಬಂದೆನಂತೆ. ಗಾಡಿ ಅಲ್ಲಿ ನಿಲ್ಲಲಿಲ್ಲ. ಅಮ್ಮ ನನ್ನ ಹೆಸರು ಕೂಗಿದ್ದು ನನಗೆ ಕೇಳಿಸಲಿಲ್ಲ. ಇಂಜಿನ್ನಿನ ಶಬ್ದ ಹೊಸ ಗಾಡಿಯ ಹಾಗೆ ಸಲೀಸಾಗಿತ್ತು, ಒಂದು ಸಲವೂ ತಡವರಿಸಲಿಲ್ಲ ಎಂದು ಗುಡ್ಡ ಹೇಳುತ್ತಾನೆ. ಇಬ್ಬರೂ ಓಡಿದರು. ಹೊಯ್ಗೆಯಲ್ಲಿ ಎಷ್ಟು ಓಡಲಾಗುತ್ತದೆ? ಅಮ್ಮ ಎರಡು ಸಲ ಬಿದ್ದಳು. ಅಳಿವೆಯ ಕಡೆ ನೀರಿನ ಶಬ್ದ ಒಮ್ಮೆ ಎದ್ದಿತು, ಆಮೇಲೆ ಇಂಜಿನ್ ಶಬ್ದ ಥಟ್ಟನೆ ನಿಂತಿತು. ಅಷ್ಟೇ. ಅಮ್ಮ ಅಲ್ಲೇ ಹೊಯ್ಗೆ ಮೇಲೆ ಕೂತುಬಿಟ್ಟಳು. ಎರಡನೆಯ ಮಗುವೂ ಹೋಯಿತು ಎಂದು ಅವಳಿಗೆ ಖಚಿತವಾಗಿತ್ತಂತೆ.

ಸ್ವಲ್ಪ ಹೊತ್ತಿಗೆ ಗಾಡಿ ಕಾಣಿಸಿತು. ಅದು ಇವರ ಕಡೆಗೇ ಬರುತ್ತಿತ್ತು. ಶಬ್ದವಿರಲಿಲ್ಲ. ನಾನು ಅದರ ಮೇಲೆ ಕೂತಿದ್ದೆ, ಎರಡೂ ಕಾಲು ಮೇಲಿತ್ತು, ಕೈ ಮಡಿಲಲ್ಲಿತ್ತು, ತಲೆ ಬಾಗಿತ್ತು. ಹ್ಯಾಂಡಲನ್ನು ನಾನು ಹಿಡಿದಿರಲಿಲ್ಲ. ಆ ಮೆತ್ತನೆಯ ಹೊಯ್ಗೆಯಲ್ಲಿ ಇಬ್ಬರು ಸೇರಿ ತಳ್ಳಿದರೂ ಗಾಡಿ ಅಲ್ಲಾಡುವುದಿಲ್ಲ, ನಿಮಗೂ ಗೊತ್ತು. ಅದು ವಾಲದೆ, ನಡೆಯುವ ವೇಗದಲ್ಲಿ ಬಂತು. ಇವರ ಪಕ್ಕದಿಂದಲೇ ದಾಟಿತು.

ಗುಡ್ಡ ಹಗ್ಗ ಬಿಸಾಡಿ ಓಡಲು ನೋಡಿದ. ಅಮ್ಮ ಅವನ ಕೈ ಹಿಡಿದುಕೊಂಡಳು.

"ಮಾತಾಡ್ಬೇಡ" ಎಂದಳು. "ಎಡಬದಿಗ್ ಕಾಣ್."

ಟಯರಿನ ಗುರುತಿನ ಎಡಕ್ಕೆ ಹೊಯ್ಗೆ ಮೇಲೆ ಒದ್ದೆ ಹೆಜ್ಜೆ ಇತ್ತು. ಅಮ್ಮ ಆ ಹೆಜ್ಜೆಗಳನ್ನು ತುಳಿಯದೆ ಹಿಂದೆ ಹಿಂದೆ ಮನೆ ತನಕ ನಡೆದಳು. ಗಾಡಿ ದಣಪೆ ದಾಟಿ ಅಂಗಳಕ್ಕೆ ಬಂದು ನಿಂತಿತು. ಸ್ಟ್ಯಾಂಡ್ ಹಾಕಿದ ಟಕ್ ಎಂಬ ಶಬ್ದ ಗುಡ್ಡನಿಗೂ ಕೇಳಿಸಿತು. ಅದು ಕೇಳಿದ್ದೇ ನನಗೆ ಎಚ್ಚರವಾಯಿತು. ಅಮ್ಮ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಎಡಗಡೆಯ ಖಾಲಿ ಜಾಗದ ಕಡೆ ನೋಡಿ ಮಾತಾಡುತ್ತಿದ್ದಳು.

"ತಂದ್ಯಾ ಮಗಾ? ತಂಗಿನೂ ತಂದ್ಯಾ? ಸಾಕ್ ಮಗಾ. ಇನ್ ನೀ ಹೋಗ್. ನಾ ಕರೆಯುದಿಲ್ಲ, ಅವ್ಳನ್ ಕಳ್ಸುದೂ ಇಲ್ಲ."

ಒಳಗೆ ಹೋಗಿ ಬಟ್ಟಲಲ್ಲಿ ಅನ್ನ, ಬಂಗುಡೆ ಸಾರು ತಂದು ಬಾಳೆ ಎಲೆಗೆ ಬಡಿಸಿ ಅಂಗಳದಲ್ಲಿ ಇಟ್ಟಳು. ಆಮೇಲೆ ನನ್ನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು. ಸತ್ತವರಿಗೆ ಬಡಿಸಿದ ಮೇಲೆ ಬಾಗಿಲು ಹಾಕಬೇಕಲ್ಲ. ಅಮ್ಮ ಅವನಿಗೆ ಎಡೆ ಇಟ್ಟದ್ದು ಅದೇ ಮೊದಲು.

ಬೆಳಗ್ಗೆ ಗಾಡಿ ನೋಡಿದೆ. ಪೆಟ್ರೋಲ್ ಕಾಕ್ ಬಂದ್ ಆಗಿತ್ತು. ನಾನು ಯಾವತ್ತೂ ಅದನ್ನು ಬಂದ್ ಮಾಡುವವಳಲ್ಲ, ಅಣ್ಣ ಅದಕ್ಕೇ ಬೈಯುತ್ತಿದ್ದ. ಸಿಲಿಂಡರ್ ಕಳಿಸಿದ್ದೇನೆ. ಒಳಗೆ ಎಷ್ಟು ಕಚ್ಚಿದೆ, ಇನ್ನು ಅದು ಗುಜರಿಗೋ ಏನು ಎಂದು ನೋಡಿ.

ಈಗ ಮುಸ್ಸಂಜೆಗೆ ದೀಪ ಹಚ್ಚಿದ್ದು ನನಗೆ ನೆನಪಿರುತ್ತದೆ.

ನಿಖಿತಾ


ಬ್ರಹ್ಮಾವರ
20 ಮೇ 2025

ತಂಗಿ ನಿಖಿತಾ,

ನಿನ್ನ ಕಾಗದವನ್ನು ಪ್ರಭಾವತಿಗೆ ಓದಲು ಕೊಟ್ಟೆ. ಓದಿ ಮುಗಿಸಿದವಳೇ ಹೋಗಿ ಬಾಗಿಲ ಚಿಲಕ ಹಾಕಿದಳು, ಹಾಡಹಗಲು. ನಾನು ಬೇಡ ಎಂದು ಬರೆಯಲಿಲ್ಲ.

ಸಿಲಿಂಡರ್ ಅಳೆದೆ. ಆಮೇಲೆ ಗೇಜ್ ಕೆಟ್ಟಿದೆಯೇ ಎಂದು ನೋಡಲು ಬೇರೆ ನಾಲ್ಕು ಸಿಲಿಂಡರ್ ಅಳೆದು, ಮತ್ತೆ ಇದನ್ನೇ ಅಳೆದೆ. ನಾನು ಬಿಟ್ಟ ಅರ್ಧ ಜಾಗ ಅರ್ಧವೇ ಇದೆ. ಪಿಸ್ಟನ್ ಎಲ್ಲಿಯೂ ಕಚ್ಚಿಲ್ಲ. ಇಷ್ಟು ಬಿಗಿಯಲ್ಲಿ ಅದು ಅಳಿವೆ ತನಕ ಓಡುವುದು ಆಗದ ಮಾತು. ಓಡಿದೆ. ನನ್ನ ಉಪಾಯದಿಂದ ಇಂಜಿನ್ ನಿಂತದ್ದಲ್ಲ, ತಂಗಿ. ಅದು ನಿಂತದ್ದು ಯಾರೋ ಪೆಟ್ರೋಲ್ ಬಂದ್ ಮಾಡಿದ್ದರಿಂದ.

ಇನ್ನೊಂದು ಇದೆ. ಕಾರ್ಬೊರೇಟರ್ ಬದಿಯಲ್ಲಿ ನಿನ್ನ ಕೈಯ ಗುರುತು ಇದೆ, ಅದೇ ಒಂದೇ ಹದ. ಸೈಲೆನ್ಸರ್ ಬದಿಯಲ್ಲಿ ಮೂರು ಗೆರೆ ಇದೆ. ಹೊಸತು, ಇನ್ನೂ ಹೊಳೆಯುತ್ತಿದೆ. ಆಕ್ಸಿಲರೇಟರನ್ನು ಒಂದೇ ಏಟಿಗೆ ಪೂರ್ತಿ ಬಿಟ್ಟ ಗೆರೆ. ನಿನ್ನ ಕೈ ಹಾಗೆ ಬಿಡುವುದಿಲ್ಲ. ಅವನು ಬದುಕಿದ್ದಾಗ ನಾನು ಎಷ್ಟು ಬೈದಿದ್ದೆ ಆ ಗೆರೆಗಳಿಗಾಗಿ. ಈಗ ಅದರ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಕೂತಿದ್ದೆ.

ಇದು ಗುಜರಿಗೆ ಹೋಗಬೇಕಾಗಿಲ್ಲ. ಒಳಗೆ ಸ್ವಲ್ಪ ಉಜ್ಜಿದರೆ ನಾನು ಉಳಿಸಿಕೊಂಡ ಅರ್ಧ ಜಾಗವೂ ಸಿಗುತ್ತದೆ, ಇದೇ ಪಿಸ್ಟನ್ ಸರಿಯಾದ ಸೈಜಾಗಿ ಕೂರುತ್ತದೆ, ನಿನಗೆ ವರ್ಷಗಟ್ಟಲೆ ಓಡುತ್ತದೆ. ಆದರೆ ಉಜ್ಜಿದರೆ ಆ ಮೂರು ಗೆರೆ ಹೋಗುತ್ತದೆ. ಗೆರೆ ಉಳಿಯಬೇಕಾದರೆ ಸಿಲಿಂಡರನ್ನು ಹೀಗೆಯೇ ಕಪಾಟಿನಲ್ಲಿ ಇಡಬೇಕು, ಮತ್ತೆ ಅದು ಓಡಬಾರದು. ಇದನ್ನು ತೀರ್ಮಾನಿಸುವವನು ನಾನಲ್ಲ.

ಅಮ್ಮನನ್ನು ಕೇಳಿ ಬರೆ.

ಪ್ರೇಮಾನಂದ


ನಾವುಂದ
8 ಜೂನ್ 2025

ಪ್ರೇಮಾನಂದಣ್ಣ,

ಬೊಜ್ಜದ ದಿನ ನೀವೂ ಪ್ರಭಾವತಿ ಅತ್ತಿಗೆಯೂ ಬಂದದ್ದು ಅಮ್ಮನಿಗೆ ದೊಡ್ಡ ಸಮಾಧಾನ. ಅಷ್ಟು ಜನರ ನಡುವೆ ಗೆರೆಗಳ ವಿಷಯ ಅವಳಲ್ಲಿ ಕೇಳಲು ನನಗೆ ಬಾಯಿ ಬರಲಿಲ್ಲ. ಹುಲ್ಲಿನ ಬೊಂಬೆಗೆ ಅಮ್ಮ ತಾನೇ ಅಣ್ಣನ ಅಂಗಿ ತೊಡಿಸಿದ್ದನ್ನು ನೀವು ನೋಡಿದಿರಿ. ಗುಂಡಿಗಳನ್ನೂ ಒಂದೊಂದಾಗಿ ಅವಳೇ ಹಾಕಿದಳು.

ಮಳೆ ಹಿಡಿದಿದೆ. ದೋಣಿಗಳೆಲ್ಲ ಚಪ್ಪರಕ್ಕೆ ಬಂದಿವೆ. ಈಗ ಸಂಜೆಗೆ ಇಬ್ಬರಿಗೆ ಬೇಕಾದಷ್ಟೇ ಅಕ್ಕಿ ಹಾಕುತ್ತಾಳೆ.

ನಿನ್ನೆ ನಿಮ್ಮ ಹಿಂದಿನ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಮೂರು ಗೆರೆ ಎಂದು ಬಂದಲ್ಲಿ ಇನ್ನೊಮ್ಮೆ ಓದಿಸಿದಳು. ಆಮೇಲೆ ಹೇಳಿದಳು:

"ತೆಗಿಲಿ. ಅವ ಗಾಡಿ ತಂದ್ ಕೊಟ್ಟಿಕ್ ಹೋಯ್ ಆಯ್ತ್. ಇನ್ ಅದ್ ನಿನ್ ಕೈಗ್ ಸಮ ಆಗ್ಲಿ."

ಉಜ್ಜಿಬಿಡಿ, ಪ್ರೇಮಾನಂದಣ್ಣ. ಜಾಗ ಪೂರ್ತಿ ಬಿಡಿ. ಫಿಲ್ಟರ್ ನಾನು ಹಾಕಿಕೊಳ್ಳುತ್ತೇನೆ.

ನಿಮ್ಮ ತಂಗಿ,
ನಿಖಿತಾ